ದ್ವಿತೀಯ ಪಿಯು ಕಂಪ್ಯೂಟರ್ ಸೈನ್ಸ್: ಪೆನ್ನು ಹಿಡಿದು ತಯಾರಾಗುವ ಕ್ರಮ

ಲ್ಯಾಬಿನಲ್ಲಿ ಪ್ರೋಗ್ರಾಂ ಸರಿಯಾಗಿ ಓಡಿಸಿದ ವಿದ್ಯಾರ್ಥಿಯೇ ಪರೀಕ್ಷೆಯ ಹಾಲ್‌ನಲ್ಲಿ ಸಂಖ್ಯೆಗಳನ್ನು ಕ್ರಮಕ್ಕೆ ಜೋಡಿಸುವ ಬಬಲ್ ಸಾರ್ಟ್‌ನ ಎರಡನೇ ಪಾಸ್‌ನಲ್ಲಿ, ಅಂದರೆ ಎರಡನೇ ಸುತ್ತಿನಲ್ಲಿ, ಎಡವುತ್ತಾನೆ. ಲ್ಯಾಬಿನಲ್ಲಿ ತಪ್ಪಿದರೆ ಕೆಂಪಕ್ಷರದಲ್ಲಿ ಎರರ್ ಬರುತ್ತದೆ, ತಿದ್ದಿಕೊಳ್ಳಬಹುದು. ಕಾಗದ ಏನೂ ಹೇಳುವುದಿಲ್ಲ. ಲಿಖಿತ ಪರೀಕ್ಷೆಯ 70 ಅಂಕವೂ ಕಾಗದದ ಮೇಲೆಯೇ ಇದೆ. ಹೀಗಾಗಿ ಕಾಗದದ ಮೇಲೆ ಅಭ್ಯಾಸ ಮಾಡದ ಕಂಪ್ಯೂಟರ್ ಸೈನ್ಸ್ ಪರೀಕ್ಷೆಯಲ್ಲಿ ಕೈಹಿಡಿಯುವುದಿಲ್ಲ. ಕೆಳಗಿನ ಹಂತಗಳು ಪರೀಕ್ಷೆಗೆ ಎಂಟು ವಾರ ಉಳಿದಿದೆ ಎಂದುಕೊಂಡು ಬರೆದವು. ನಿಮಗೆ ನಾಲ್ಕೇ ವಾರ ಇದ್ದರೆ ದಿನಗಳನ್ನು ಅರ್ಧಕ್ಕೆ ಇಳಿಸಿ, ಕ್ರಮವನ್ನು ಮಾತ್ರ ಬದಲಿಸಬೇಡಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಎನ್‌ಸಿಇಆರ್‌ಟಿ 12ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯಪುಸ್ತಕ. ಪುಸ್ತಕ ಸಿಗದಿದ್ದರೆ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಈ ಸಾಲಿಗೆ ಬಿಟ್ಟಿರುವ ಮಾದರಿ ಪ್ರಶ್ನೆಪತ್ರಿಕೆಗಳ ಮುದ್ರಿತ ಪ್ರತಿ. ಗೆರೆ ಇಲ್ಲದ 200 ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ಸ್ಕೇಲ್. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಪೈಥಾನ್ ಮತ್ತು ಮೈಎಸ್‌ಕ್ಯೂಎಲ್ (ಡೇಟಾಬೇಸ್ ತಂತ್ರಾಂಶ) ಹಾಕಿಕೊಳ್ಳಿ, ಎರಡೂ ಉಚಿತ. ಇಲ್ಲದಿದ್ದರೆ ಚಿಂತೆ ಬೇಡ. ಕಾಲೇಜಿನ ಲ್ಯಾಬ್ ಅವಧಿಯೇ ಸಾಕು, ಆದರೆ ಆ ಅವಧಿಗೆ ಹೋಗುವ ಮುಂಚೆ ಪ್ರೋಗ್ರಾಂ ನೋಟ್‌ಬುಕ್ಕಿನಲ್ಲಿ ಬರೆದು ಆಗಿರಬೇಕು.

## ಹಂತ 1: ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೋಸಿ

ಅಣ್ಣನೋ ಅಕ್ಕನೋ ಕೊಟ್ಟ ಹಳೆಯ ಪ್ರಶ್ನೆಪತ್ರಿಕೆ ಕಟ್ಟು ಹಿಡಿದು ಕೂತು ವಾರ ಕಳೆಯುವುದು ಎಲ್ಲಕ್ಕಿಂತ ದೊಡ್ಡ ನಷ್ಟ. 2024ರವರೆಗಿನ ಪತ್ರಿಕೆಗಳು ಸಿ++ ಭಾಷೆಯ ಹಳೆಯ ಪಠ್ಯಕ್ರಮದವು, ಈಗಿನದು ಪೈಥಾನ್‌ನದು. ಅವುಗಳಲ್ಲಿರುವ ಬೂಲಿಯನ್ ಆಲ್ಜೀಬ್ರಾ, ಕೆ-ಮ್ಯಾಪ್, ಲಾಜಿಕ್ ಗೇಟ್, ಕ್ಲಾಸ್, ಕನ್‌ಸ್ಟ್ರಕ್ಟರ್, ಇನ್‌ಹೆರಿಟೆನ್ಸ್, ಪಾಯಿಂಟರ್ ಯಾವುದೂ ಈಗಿನ ಪುಸ್ತಕದಲ್ಲಿಲ್ಲ.

ಹಾಗಂತ ಆ ಕಟ್ಟನ್ನು ಎಸೆಯುವುದೂ ಬೇಡ. ಸ್ಟ್ಯಾಕ್, ಕ್ಯೂ, ಸರ್ಚಿಂಗ್, ಸಾರ್ಟಿಂಗ್‌ಗಳ ವಿವರಣೆಯ ಪ್ರಶ್ನೆಗಳು, ಡೇಟಾಬೇಸ್ ಕೀಗಳು, ಎಸ್‌ಕ್ಯೂಎಲ್, ನೆಟ್‌ವರ್ಕ್ ಟೊಪಾಲಜಿ: ಇಷ್ಟು ಭಾಗ ಇಂದಿಗೂ ಹಾಗೇ ಉಪಯೋಗಕ್ಕೆ ಬರುತ್ತದೆ. ಪೆನ್ಸಿಲ್ ಹಿಡಿದು ಇವಕ್ಕೆ ಗುರುತು ಹಾಕಿ, ಉಳಿದವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ. ಅರ್ಧ ದಿನದ ಕೆಲಸ.

ಗೈಡ್ ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ. ಮೊದಲ ಅಧ್ಯಾಯ ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಆಗಿರದಿದ್ದರೆ ಅದು ನಿಮ್ಮ ಪುಸ್ತಕದ ಗೈಡ್ ಅಲ್ಲ.

## ಹಂತ 2: ಓದುವ ಕ್ರಮವನ್ನು ಬದಲಿಸಿ

ಪುಸ್ತಕದ ಮೊದಲ ಅಧ್ಯಾಯದಿಂದ ಶುರು ಮಾಡಿದವರು ಬಹುತೇಕ ಎರಡನೆಯದಾದ ಫೈಲ್ ಹ್ಯಾಂಡ್ಲಿಂಗ್‌ನಲ್ಲೇ ಸಿಕ್ಕಿಕೊಂಡು, ಕೊನೆಗೆ ಎಸ್‌ಕ್ಯೂಎಲ್ ಅನ್ನು ಎರಡು ದಿನದಲ್ಲಿ ಮುಗಿಸಲು ಪರದಾಡುತ್ತಾರೆ. ಕೈ ಪಳಗಬೇಕಾದ ಪಾಠಗಳಿಗೆ ಸಮಯ ಬೇಕು, ಅವನ್ನು ಮುಂದಕ್ಕೆ ತನ್ನಿ. ನೆನಪಿಟ್ಟುಕೊಳ್ಳುವ ಪಾಠಗಳು ಪರೀಕ್ಷೆಗೆ ಹತ್ತಿರವಿದ್ದರೆ ಒಳ್ಳೆಯದು.

1 ಮತ್ತು 2ನೇ ವಾರ: ಸ್ಟ್ಯಾಕ್, ಕ್ಯೂ, ಸಾರ್ಟಿಂಗ್, ಸರ್ಚಿಂಗ್.
3 ಮತ್ತು 4ನೇ ವಾರ: ಡೇಟಾಬೇಸ್ ಕಾನ್ಸೆಪ್ಟ್ಸ್, ಎಸ್‌ಕ್ಯೂಎಲ್.
5ನೇ ವಾರ: ಎಕ್ಸೆಪ್ಶನ್ ಮತ್ತು ಫೈಲ್ ಹ್ಯಾಂಡ್ಲಿಂಗ್.
6ನೇ ವಾರ: ನೆಟ್‌ವರ್ಕ್, ಡೇಟಾ ಕಮ್ಯುನಿಕೇಶನ್, ಸೆಕ್ಯುರಿಟಿ, ಅಂಡರ್‌ಸ್ಟ್ಯಾಂಡಿಂಗ್ ಡೇಟಾ.
7 ಮತ್ತು 8ನೇ ವಾರ: ಮಾದರಿ ಪತ್ರಿಕೆ ಬರೆಯುವುದು, ತಪ್ಪು ತಿದ್ದುವುದು.

ಆಯ್ಕೆ ಇದೆಯಲ್ಲ ಎಂದು ಇಡೀ ಅಧ್ಯಾಯಗಳನ್ನು ಕೈಬಿಡುವ ಲೆಕ್ಕಾಚಾರ ಕೆಲಸಕ್ಕೆ ಬರುವುದಿಲ್ಲ. ಆಯ್ಕೆ ಇರುವುದು ಎರಡು, ಮೂರು, ಐದು ಅಂಕದ ಪ್ರಶ್ನೆಗಳಲ್ಲಿ. ಒಂದಂಕದವು ಎಲ್ಲ ಪಾಠಗಳಿಂದ ಬರುತ್ತವೆ, ಅವನ್ನು ಬಿಟ್ಟರೆ ಬಿಟ್ಟಂತೆಯೇ.

## ಹಂತ 3: ಸ್ಟ್ಯಾಕ್ ಮತ್ತು ಕ್ಯೂ, ಮೂರು ಕಾಲಂ ಹಾಕಿ

ಸ್ಟ್ಯಾಕ್ ಎಂದರೆ ಕೊನೆಗೆ ಇಟ್ಟದ್ದು ಮೊದಲು ಹೊರಬರುವ ಪಟ್ಟಿ. ಇನ್‌ಫಿಕ್ಸ್‌ನಿಂದ (ಚಿಹ್ನೆ ಎರಡು ಬೆಲೆಗಳ ನಡುವೆ) ಪೋಸ್ಟ್‌ಫಿಕ್ಸ್‌ಗೆ (ಚಿಹ್ನೆ ಬೆಲೆಗಳ ನಂತರ) ಬದಲಿಸುವ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಉತ್ತರ ಮಾತ್ರ ಬರೆದರೆ ಹಂತಗಳ ಅಂಕ ಹೋಗುತ್ತದೆ. ಪುಟಕ್ಕೆ ಮೂರು ಕಾಲಂ ಎಳೆಯಿರಿ: ಓದಿದ ಚಿಹ್ನೆ, ಸ್ಟ್ಯಾಕ್‌ನಲ್ಲಿರುವುದು, ಹೊರಬಂದ ಸಾಲು. (ಎ + ಬಿ) * ಸಿ − ಡಿ / ಇ ಎಂಬ ಲೆಕ್ಕ ಹೀಗೆ ಸಾಗುತ್ತದೆ:

ಎಡ ಆವರಣ ಸ್ಟ್ಯಾಕ್‌ಗೆ. ಎ ಹೊರಗೆ. + ಸ್ಟ್ಯಾಕ್‌ಗೆ. ಬಿ ಹೊರಗೆ. ಬಲ ಆವರಣ ಬಂದಾಗ + ಹೊರಗೆ, ಎಡ ಆವರಣವನ್ನು ತೆಗೆದು ಬಿಸಾಡಿ. * ಸ್ಟ್ಯಾಕ್‌ಗೆ. ಸಿ ಹೊರಗೆ. ಈಗ − ಬಂತು. ಸ್ಟ್ಯಾಕ್‌ನ ತುದಿಯಲ್ಲಿರುವ * ಗೆ ಆದ್ಯತೆ ಹೆಚ್ಚು, ಅದು ಹೊರಗೆ ಹೋದ ಮೇಲೆ − ಒಳಗೆ. ಡಿ ಹೊರಗೆ. / ಗೆ ಆದ್ಯತೆ − ಗಿಂತ ಹೆಚ್ಚು, ಹಾಗಾಗಿ ಏನನ್ನೂ ತೆಗೆಯದೆ ಅದರ ಮೇಲೆಯೇ ಇಡಿ. ಇ ಹೊರಗೆ. ಸಾಲು ಮುಗಿಯಿತು: ಮೊದಲು /, ಆಮೇಲೆ −. ಉತ್ತರ: ಎ ಬಿ + ಸಿ * ಡಿ ಇ / −.

ಆವರಣವನ್ನು ಉತ್ತರದಲ್ಲೂ ಬರೆಯುವುದು ಒಂದು ತಪ್ಪು. ಒಂದೇ ಆದ್ಯತೆಯ ಚಿಹ್ನೆ ಬಂದಾಗ ಒಳಗಿರುವುದನ್ನು ತೆಗೆಯದೆ ಇರುವುದು ಇನ್ನೊಂದು. + ಒಳಗಿದ್ದು − ಬಂದರೆ + ಹೊರಗೆ ಹೋಗಲೇಬೇಕು, ಏಕೆಂದರೆ ಲೆಕ್ಕ ಎಡದಿಂದ ಬಲಕ್ಕೆ ಸಾಗುತ್ತದೆ.

ಪೋಸ್ಟ್‌ಫಿಕ್ಸ್‌ನ ಬೆಲೆ ಕಂಡುಹಿಡಿಯುವಲ್ಲಿ ಕಾದಿರುವ ಗುಂಡಿ ಬೇರೆಯದು. 6 2 3 + − ನೋಡಿ. 2 ಮತ್ತು 3 ಕೂಡಿ 5 ಒಳಗೆ ಹೋಯಿತು. ಈಗ − ಬಂದಾಗ ಮೊದಲು ಹೊರಬರುವುದು 5, ಆಮೇಲೆ 6. ಹೊರಬಂದ ಕ್ರಮದಲ್ಲೇ ಬರೆದು 5 − 6 ಮಾಡಿದರೆ −1 ಸಿಗುತ್ತದೆ, ಅದು ತಪ್ಪು. ಮೊದಲು ಹೊರಬಂದದ್ದು ಯಾವಾಗಲೂ ಬಲಗಡೆ: 6 − 5 = 1. ಕೂಡುವ, ಗುಣಿಸುವ ಲೆಕ್ಕದಲ್ಲಿ ಈ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ. ಅದಕ್ಕೇ ಅಭ್ಯಾಸಕ್ಕೆ ಕಳೆಯುವ, ಭಾಗಿಸುವ ಲೆಕ್ಕಗಳನ್ನೇ ಆರಿಸಿಕೊಳ್ಳಿ.

ಕ್ಯೂನಲ್ಲಿ ಸೇರಿಸುವುದು ರಿಯರ್‌ನಿಂದ, ತೆಗೆಯುವುದು ಫ್ರಂಟ್‌ನಿಂದ. ಡೆಕ್‌ನಲ್ಲಿ ಎರಡೂ ತುದಿಯಿಂದ ಎರಡೂ ಕೆಲಸ ಆಗುತ್ತದೆ. ಒಂದೇ ತುದಿ ಬಳಸಿದರೆ ಅದು ಸ್ಟ್ಯಾಕ್‌ನಂತೆ, ಒಂದು ತುದಿಯಿಂದ ಸೇರಿಸಿ ಇನ್ನೊಂದರಿಂದ ತೆಗೆದರೆ ಕ್ಯೂನಂತೆ ನಡೆದುಕೊಳ್ಳುತ್ತದೆ. ಈ ಒಂದು ವಾಕ್ಯ ನೆನಪಿದ್ದರೆ ಡೆಕ್ ಪ್ರಶ್ನೆಗಳಲ್ಲಿ ಅರ್ಧ ಕೆಲಸ ಮುಗಿದಂತೆ.

## ಹಂತ 4: ಸಾರ್ಟಿಂಗ್, ಪ್ರತಿ ಪಾಸ್‌ಗೂ ಒಂದು ಸಾಲು

ಮೂರು ವಿಧಾನಗಳನ್ನೂ ಒಂದೇ ಪಟ್ಟಿಯ ಮೇಲೆ ಓಡಿಸಿ ನೋಡಿ. ಆಗ ಮಾತ್ರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಪಟ್ಟಿ: 5, 3, 8, 1.

ಬಬಲ್ ಸಾರ್ಟ್
ಪಾಸ್ 1 ಮುಗಿದಾಗ: 3, 5, 1, 8
ಪಾಸ್ 2 ಮುಗಿದಾಗ: 3, 1, 5, 8
ಪಾಸ್ 3 ಮುಗಿದಾಗ: 1, 3, 5, 8

ಸೆಲೆಕ್ಷನ್ ಸಾರ್ಟ್
ಪಾಸ್ 1: 1, 3, 8, 5
ಪಾಸ್ 2: 1, 3, 8, 5 (ಬದಲಾವಣೆ ಇಲ್ಲ)
ಪಾಸ್ 3: 1, 3, 5, 8

ಇನ್ಸರ್ಷನ್ ಸಾರ್ಟ್
ಪಾಸ್ 1: 3, 5, 8, 1
ಪಾಸ್ 2: 3, 5, 8, 1 (ಬದಲಾವಣೆ ಇಲ್ಲ)
ಪಾಸ್ 3: 1, 3, 5, 8

ಬಬಲ್‌ನಲ್ಲಿ ದೊಡ್ಡದು ಬಲತುದಿಗೆ ಸೇರುತ್ತದೆ, ಸೆಲೆಕ್ಷನ್‌ನಲ್ಲಿ ಚಿಕ್ಕದು ಎಡತುದಿಗೆ. ಮೊದಲ ಪಾಸ್ ಮುಗಿದಾಗ ನಿಮ್ಮ ಬಬಲ್ ಸಾಲಿನ ಕೊನೆಯಲ್ಲಿ ಅತಿ ದೊಡ್ಡ ಸಂಖ್ಯೆ ಇಲ್ಲದಿದ್ದರೆ ಮುಂದೆ ಹೋಗಬೇಡಿ, ಅಲ್ಲೇ ತಪ್ಪಿದ್ದೀರಿ. ಏನೂ ಬದಲಾಗದ ಪಾಸ್ ಬಂದಾಗ ಅದನ್ನು ಬರೆಯದೆ ಹಾರಿಸುವುದು ಸಾಮಾನ್ಯ ತಪ್ಪು. ಆ ಸಾಲೂ ಬರೆಯಬೇಕು. ನಾಲ್ಕು ಸಂಖ್ಯೆಗೆ ಮೂರು ಪಾಸ್ ಇದ್ದೇ ಇರುತ್ತದೆ.

ಪ್ರೋಗ್ರಾಂ ಬರೆಯುವಾಗ ಬಬಲ್ ಸಾರ್ಟ್‌ನ ಒಳಗಿನ ಲೂಪ್‌ನ ಮಿತಿ ಎನ್ − ಐ − 1 (ಎನ್ ಒಟ್ಟು ಅಂಶಗಳು, ಐ ಹೊರಗಿನ ಲೂಪ್‌ನ ಎಣಿಕೆ). ಬರೀ ಎನ್ ಎಂದು ಬರೆದರೆ ಕೊನೆಯ ಅಂಶವನ್ನು ಅದರ ಮುಂದಿನದರ ಜೊತೆ ಹೋಲಿಸಲು ಹೋಗುತ್ತದೆ. ಮುಂದಿನದೇ ಇಲ್ಲ, ಹಾಗಾಗಿ ಇಂಡೆಕ್ಸ್ ಎರರ್. ಸೆಲೆಕ್ಷನ್‌ನಲ್ಲಿ ಅದಲುಬದಲು ಆಗುವುದು ಒಳಗಿನ ಲೂಪ್ ಪೂರ್ತಿ ಮುಗಿದ ಮೇಲೆ, ಅದರ ಒಳಗಲ್ಲ. ಅಂದರೆ ಇಂಡೆಂಟ್ ಎಷ್ಟು ಬಿಟ್ಟಿದ್ದೀರಿ ಎಂಬುದರ ಮೇಲೆ ಉತ್ತರದ ಸರಿತಪ್ಪು ನಿಂತಿದೆ. ಪೈಥಾನ್ ಕೈಯಲ್ಲಿ ಬರೆಯುವಾಗ ಪ್ರತಿ ಇಂಡೆಂಟ್‌ಗೂ ಒಂದು ಬೆರಳಿನಷ್ಟು ಜಾಗ ಬಿಡಿ. ಉತ್ತರಪತ್ರಿಕೆಯಲ್ಲಿ ಪೆನ್ಸಿಲ್‌ನಿಂದ ತೆಳುವಾದ ಲಂಬ ಗೆರೆ ಎಳೆದುಕೊಂಡು ಬರೆದರೂ ಆಗುತ್ತದೆ.

## ಹಂತ 5: ಸರ್ಚಿಂಗ್ ಮತ್ತು ಹ್ಯಾಶಿಂಗ್

ಬೈನರಿ ಸರ್ಚ್‌ನ ಪ್ರಶ್ನೆಯಲ್ಲಿ ಕೊಟ್ಟ ಪಟ್ಟಿ ಕ್ರಮದಲ್ಲಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಮೊದಲು ಜೋಡಿಸಬೇಕು. ಆಮೇಲೆ ಪ್ರತಿ ಸುತ್ತಿಗೂ ಫಸ್ಟ್, ಲಾಸ್ಟ್, ಮಿಡ್ ಬೆಲೆ ಬರೆಯುವ ಕೋಷ್ಟಕ ಹಾಕಿ. 4, 9, 15, 22, 30, 41, 57, 63 ರಲ್ಲಿ 57 ಹುಡುಕುವುದಾದರೆ: 0, 7, ಮಿಡ್ 3, ಅಲ್ಲಿರುವುದು 22, ಚಿಕ್ಕದಾಯಿತು. 4, 7, ಮಿಡ್ 5, ಅಲ್ಲಿ 41, ಇನ್ನೂ ಚಿಕ್ಕದು. 6, 7, ಮಿಡ್ 6, ಅಲ್ಲಿ 57. ಮೂರೇ ಸುತ್ತು.

ಮಿಡ್ ಎಂದರೆ ಫಸ್ಟ್, ಲಾಸ್ಟ್ ಕೂಡಿ ಅದರ ಅರ್ಧ. ಎರಡನೇ ಸುತ್ತಿನ 4 + 7, ಅಂದರೆ 11 ಅನ್ನು ಎರಡರಿಂದ ಭಾಗಿಸಿದರೆ 5, ಐದೂವರೆ ಅಲ್ಲ. ಪೈಥಾನ್‌ನಲ್ಲಿ ಒಂದು ಓರೆಗೆರೆ ಹಾಕಿದರೆ 5.5 ಬರುತ್ತದೆ, ಎರಡು ಓರೆಗೆರೆ ಹಾಕಿದರೆ 5. ಇಂಡೆಕ್ಸ್ ಪೂರ್ಣಾಂಕವೇ ಆಗಿರಬೇಕು, ಹೀಗಾಗಿ ಎರಡು ಓರೆಗೆರೆ ಕಡ್ಡಾಯ. ಫಸ್ಟ್ ಬದಲಿಸುವಾಗ ಮಿಡ್ + 1, ಲಾಸ್ಟ್ ಬದಲಿಸುವಾಗ ಮಿಡ್ − 1. ಈ ಒಂದನ್ನು ಮರೆತರೆ ಲೂಪ್ ಮುಗಿಯದೆ ಸುತ್ತುತ್ತಲೇ ಇರಬಹುದು.

ಹ್ಯಾಶಿಂಗ್‌ನಲ್ಲಿ ಶೇಷ ತೆಗೆಯುವುದಷ್ಟೇ ಕೆಲಸ. ಟೇಬಲ್ ಗಾತ್ರ 10 ಆದರೆ 10ರಿಂದ ಭಾಗಿಸಿದ ಶೇಷವೇ ಜಾಗದ ಸಂಖ್ಯೆ: 25 ಐದಕ್ಕೆ, 48 ಎಂಟಕ್ಕೆ, 71 ಒಂದಕ್ಕೆ. ಮುಂದೆ 35 ಬಂದರೆ ಅದಕ್ಕೂ ಐದೇ, ಇದೇ ಕೊಲಿಷನ್.

## ಹಂತ 6: ಎಸ್‌ಕ್ಯೂಎಲ್‌ಗೆ ಪೂರ್ತಿ ಎರಡು ವಾರ

ಒಂದೇ ಟೇಬಲ್ ಇಟ್ಟುಕೊಂಡು ಎಲ್ಲ ಪ್ರಶ್ನೆ ಅಭ್ಯಾಸ ಮಾಡಿ. ಕ್ರಮಸಂಖ್ಯೆ, ಹೆಸರು, ವಿಭಾಗ, ಅಂಕ, ಹುಟ್ಟಿದ ದಿನ ಎಂಬ ಐದು ಕಾಲಂ, ಎಂಟು ಸಾಲು ಸಾಕು. ಬೇಕೆಂದೇ ಒಂದೆರಡು ಕಡೆ ಅಂಕದ ಜಾಗ ಖಾಲಿ, ಅಂದರೆ ನಲ್ ಬಿಡಿ. ಅಂಕ ಕಳೆದುಕೊಳ್ಳುವ ಜಾಗ ಅದೇ.

ಮೂರು ಸಾಲಿನ ಟೇಬಲ್‌ನಲ್ಲಿ ಅಂಕಗಳು 60, ನಲ್, 80 ಎಂದಿಟ್ಟುಕೊಳ್ಳಿ. ಕೌಂಟ್‌ನ ಒಳಗೆ ನಕ್ಷತ್ರ ಹಾಕಿದರೆ ಉತ್ತರ 3. ಕೌಂಟ್‌ನ ಒಳಗೆ ಅಂಕದ ಕಾಲಂ ಹೆಸರು ಹಾಕಿದರೆ 2. ಎವಿಜಿ, ಅಂದರೆ ಸರಾಸರಿ, 70, ಏಕೆಂದರೆ 140 ಅನ್ನು ಎರಡರಿಂದ ಭಾಗಿಸುತ್ತದೆ, ಮೂರರಿಂದಲ್ಲ. ನಲ್ ಎಂದರೆ ಸೊನ್ನೆಯಲ್ಲ, ಬೆಲೆಯೇ ಗೊತ್ತಿಲ್ಲ ಎಂದರ್ಥ. ಅದೇ ಕಾರಣಕ್ಕೆ ಸಮ ಚಿಹ್ನೆ ಹಾಕಿ ನಲ್ ಹುಡುಕಿದರೆ ಒಂದು ಸಾಲೂ ಬರುವುದಿಲ್ಲ. 'ಈಸ್ ನಲ್' ಎಂದೇ ಬರೆಯಬೇಕು.

ಪದಗಳ ಕ್ರಮ ಬದಲಾಗುವಂತಿಲ್ಲ: ಸೆಲೆಕ್ಟ್, ಫ್ರಮ್, ವೇರ್, ಗ್ರೂಪ್ ಬೈ, ಹ್ಯಾವಿಂಗ್, ಆರ್ಡರ್ ಬೈ. ಇದನ್ನು ದಿನವೂ ಒಮ್ಮೆ ಬರೆಯಿರಿ. ವೇರ್ ಒಂದೊಂದು ಸಾಲನ್ನು ಸೋಸುತ್ತದೆ, ಹ್ಯಾವಿಂಗ್ ಗುಂಪನ್ನು ಸೋಸುತ್ತದೆ. 'ಪ್ರತಿ ವಿಭಾಗದ ಸರಾಸರಿ 60ಕ್ಕಿಂತ ಹೆಚ್ಚಿರುವವು' ಎಂದು ಕೇಳಿದರೆ ಸರಾಸರಿ ಸಿಗುವುದೇ ಗುಂಪು ಮಾಡಿದ ಮೇಲೆ, ಆದ್ದರಿಂದ ಹ್ಯಾವಿಂಗ್.

ಜೋಡಿಗಳನ್ನು ಗೊಂದಲ ಮಾಡಿಕೊಳ್ಳದಿರಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಟೇಬಲ್‌ನ ಚೌಕಟ್ಟು ಬದಲಾಗುತ್ತಿದೆಯೋ, ಒಳಗಿರುವ ಡೇಟಾ ಬದಲಾಗುತ್ತಿದೆಯೋ? ಕಾಲಂ ಸೇರಿಸುವುದು ಆಲ್ಟರ್, ಅಂಕ ತಿದ್ದುವುದು ಅಪ್‌ಡೇಟ್. ಟೇಬಲ್ಲೇ ಹೋಗಬೇಕೆಂದರೆ ಡ್ರಾಪ್, ಸಾಲು ಮಾತ್ರ ಹೋಗಬೇಕೆಂದರೆ ಡಿಲೀಟ್. ಅಪ್‌ಡೇಟ್, ಡಿಲೀಟ್ ಎರಡಕ್ಕೂ ವೇರ್ ಬರೆಯದಿದ್ದರೆ ಇಡೀ ಟೇಬಲ್‌ಗೆ ಅನ್ವಯವಾಗುತ್ತದೆ.

ಪೈಥಾನ್‌ನಲ್ಲಿ ಎಣಿಕೆ ಸೊನ್ನೆಯಿಂದ, ಮೈಎಸ್‌ಕ್ಯೂಎಲ್‌ನ ಮಿಡ್, ಇನ್‌ಸ್ಟ್ರ್ ಫಂಕ್ಷನ್‌ಗಳಲ್ಲಿ ಒಂದರಿಂದ. ಒಂದೇ ದಿನ ಎರಡನ್ನೂ ಓದಿದವರು ಇಲ್ಲಿ ಒಂದಂಕ ಬಿಟ್ಟುಬರುತ್ತಾರೆ. ದಿನಾಂಕ ಬರೆಯುವಾಗ ವರ್ಷ-ತಿಂಗಳು-ದಿನ ಕ್ರಮ, ಉದ್ಧರಣ ಚಿಹ್ನೆಯ ಒಳಗೆ.

ಡೇಟಾಬೇಸ್ ಕಾನ್ಸೆಪ್ಟ್ಸ್‌ನಲ್ಲಿ ಡಿಗ್ರಿ ಎಂದರೆ ಕಾಲಂಗಳ ಸಂಖ್ಯೆ, ಕಾರ್ಡಿನಾಲಿಟಿ ಎಂದರೆ ಸಾಲುಗಳ ಸಂಖ್ಯೆ. 4 ಕಾಲಂ 5 ಸಾಲಿನ ಟೇಬಲ್, 3 ಕಾಲಂ 2 ಸಾಲಿನ ಟೇಬಲ್ ಇವುಗಳ ಕಾರ್ಟೀಶಿಯನ್ ಪ್ರಾಡಕ್ಟ್‌ನಲ್ಲಿ ಕಾಲಂ ಕೂಡಿ 7, ಸಾಲು ಗುಣಿಸಿ 10.

## ಹಂತ 7: ಎಕ್ಸೆಪ್ಶನ್ ಮತ್ತು ಫೈಲ್

ಎಕ್ಸೆಪ್ಶನ್‌ಗಳನ್ನು ಹೆಸರಿನ ಪಟ್ಟಿಯಾಗಿ ಬಾಯಿಪಾಠ ಮಾಡಬೇಡಿ. ಪ್ರತಿ ಹೆಸರಿನ ಎದುರು ಅದನ್ನು ಹುಟ್ಟಿಸುವ ಒಂದು ಸಾಲು ಬರೆಯಿರಿ. ಅಕ್ಷರವಿರುವ ಸ್ಟ್ರಿಂಗ್ ಅನ್ನು ಇಂಟ್‌ಗೆ ಕೊಟ್ಟರೆ ವ್ಯಾಲ್ಯೂ ಎರರ್. ಸ್ಟ್ರಿಂಗ್‌ಗೆ ಸಂಖ್ಯೆ ಕೂಡಿಸಿದರೆ ಟೈಪ್ ಎರರ್. ಇಲ್ಲದ ವೇರಿಯಬಲ್ ಕರೆದರೆ ನೇಮ್ ಎರರ್. ಮೊದಲೆರಡನ್ನೇ ಹೆಚ್ಚಿನವರು ಅದಲುಬದಲು ಮಾಡುವುದು.

ಟ್ರೈ, ಎಕ್ಸೆಪ್ಟ್, ಎಲ್ಸ್, ಫೈನಲಿ ಇರುವ ಪ್ರೋಗ್ರಾಂ ಕೊಟ್ಟು ಔಟ್‌ಪುಟ್ ಕೇಳಿದರೆ, ಇನ್‌ಪುಟ್ 5, 0, '12ಎ' ಎಂಬ ಮೂರು ಸಂದರ್ಭಕ್ಕೂ ಓಡಿಸಿ ನೋಡಿ. ಎಲ್ಸ್ ಓಡುವುದು ಎರರ್ ಬರದಿದ್ದಾಗ ಮಾತ್ರ. ಫೈನಲಿ ಯಾವಾಗಲೂ ಓಡುತ್ತದೆ.

ಫೈಲ್ ಮೋಡ್‌ಗಳಲ್ಲಿ ಡಬ್ಲ್ಯೂ ಅಪಾಯಕಾರಿ. ಫೈಲ್ ತೆರೆದ ಕ್ಷಣವೇ ಒಳಗಿದ್ದ ಹಳೆಯದೆಲ್ಲ ಅಳಿದುಹೋಗುತ್ತದೆ, ನೀವು ಏನೂ ಬರೆಯದಿದ್ದರೂ. ಹಳೆಯದು ಉಳಿಯಬೇಕಾದರೆ ಎ ಮೋಡ್ ಬಳಸಿ. ಆರ್ ಮೋಡ್‌ನಲ್ಲಿ ಫೈಲೇ ಇಲ್ಲದಿದ್ದರೆ ಎರರ್ ಬರುತ್ತದೆ, ಡಬ್ಲ್ಯೂ ಮತ್ತು ಎ ಹೊಸದನ್ನು ಸೃಷ್ಟಿಸುತ್ತವೆ. ರೀಡ್‌ಲೈನ್ ಒಂದು ಸಾಲನ್ನು ಸ್ಟ್ರಿಂಗ್ ಆಗಿ, ರೀಡ್‌ಲೈನ್ಸ್ ಎಲ್ಲ ಸಾಲುಗಳನ್ನು ಲಿಸ್ಟ್ ಆಗಿ ಕೊಡುತ್ತದೆ. ರೈಟ್ ತಾನಾಗಿ ಹೊಸ ಸಾಲಿಗೆ ಹೋಗುವುದಿಲ್ಲ, ಸಂಖ್ಯೆಯನ್ನು ನೇರವಾಗಿ ಕೊಟ್ಟರೆ ಒಪ್ಪುವುದೂ ಇಲ್ಲ. ಲಿಸ್ಟ್‌ನಂಥವನ್ನು ಇದ್ದಂತೆಯೇ ಬೈನರಿ ಫೈಲ್‌ಗೆ ಹಾಕುವ ಪಿಕಲ್ ಬಳಸುವಾಗ ಮೋಡ್‌ನಲ್ಲಿ ಬಿ ಇರಲೇಬೇಕು. ಡಂಪ್ ಬರೆಯುವುದಕ್ಕೆ, ಲೋಡ್ ಓದುವುದಕ್ಕೆ.

## ಹಂತ 8: ನೆಟ್‌ವರ್ಕ್, ಸೆಕ್ಯುರಿಟಿ ಮತ್ತು ಡೇಟಾ

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಲ್ಲಿನ ಉದ್ದುದ್ದ ಇಂಗ್ಲಿಷ್ ವಾಕ್ಯಗಳು ಹೆದರಿಸುತ್ತವೆ. ಪುಸ್ತಕದ ವಾಕ್ಯವನ್ನೇ ಉರುಹೊಡೆಯುವ ಅಗತ್ಯವಿಲ್ಲ. ಪ್ರತಿ ಪದಕ್ಕೂ ಎರಡು ತುಣುಕು ವಾಕ್ಯ: ಅದು ಏನು, ಏನು ಮಾಡುತ್ತದೆ. ವ್ಯತ್ಯಾಸ ಕೇಳಿದರೆ ಎರಡು ಕಾಲಂ. ಟೊಪಾಲಜಿಗೆ ಚಿತ್ರ ಬರೆದು ಹೆಸರು ಗುರುತಿಸಿ.

ಜೋಡಿಯಾಗಿ ಓದಬೇಕಾದವು ಇವು. ಹಬ್ ಬಂದ ಡೇಟಾವನ್ನು ಎಲ್ಲರಿಗೂ ಕಳಿಸುತ್ತದೆ, ಸ್ವಿಚ್ ಬೇಕಾದವರಿಗೆ ಮಾತ್ರ. ಮ್ಯಾಕ್ ವಿಳಾಸ 48 ಬಿಟ್, ಐಪಿವಿ4 ವಿಳಾಸ 32 ಬಿಟ್, ಐಪಿವಿ6 128 ಬಿಟ್. ಬ್ಯಾಂಡ್‌ವಿಡ್ತ್ ಅಳೆಯುವುದು ಹರ್ಟ್ಸ್‌ನಲ್ಲಿ, ಡೇಟಾ ರೇಟ್ ಸೆಕೆಂಡಿಗೆ ಎಷ್ಟು ಬಿಟ್ ಎಂದು. ವೈರಸ್‌ಗೆ ಅಂಟಿಕೊಳ್ಳಲು ಇನ್ನೊಂದು ಪ್ರೋಗ್ರಾಂ ಬೇಕು, ವರ್ಮ್ ತಾನೇ ಹರಡುತ್ತದೆ. ಪ್ರತಿ ಕಂಪ್ಯೂಟರ್ ಉಳಿದೆಲ್ಲಕ್ಕೂ ನೇರವಾಗಿ ಜೋಡಣೆಯಾಗಿರುವ ಮೆಶ್ ಟೊಪಾಲಜಿಯಲ್ಲಿ 6 ಕಂಪ್ಯೂಟರ್ ಇದ್ದರೆ 6 × 5 ÷ 2, ಅಂದರೆ 15 ತಂತಿ.

ಅಂಡರ್‌ಸ್ಟ್ಯಾಂಡಿಂಗ್ ಡೇಟಾ ಅಧ್ಯಾಯವನ್ನು ಕಡೆಗಣಿಸಬೇಡಿ, ಅದರಲ್ಲಿ ಲೆಕ್ಕ ಬರುತ್ತದೆ. 4, 8, 6, 5, 3, 4 ತೆಗೆದುಕೊಳ್ಳಿ. ಮೀನ್ 5, ಮೋಡ್ 4, ರೇಂಜ್ 5. ಮೀಡಿಯನ್‌ಗೆ ಮೊದಲು ಏರಿಕೆ ಕ್ರಮದಲ್ಲಿ ಬರೆದು ನಡುವಿನ 4 ಮತ್ತು 5ರ ಸರಾಸರಿ ತೆಗೆದರೆ 4.5. ಜೋಡಿಸದೆ ಕೊಟ್ಟ ಸಾಲಿನ ನಡುವೆಯೇ ಬೆರಳಿಟ್ಟರೆ 5.5 ಬಂದು ತಪ್ಪುತ್ತದೆ. ಸ್ಟ್ಯಾಂಡರ್ಡ್ ಡಿವಿಯೇಷನ್‌ಗೆ ವ್ಯತ್ಯಾಸಗಳ ವರ್ಗ ಕೂಡಿ 16, ಆರರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.63.

## ಹಂತ 9: ಪ್ರಾಯೋಗಿಕ ಪರೀಕ್ಷೆಯ 30 ಅಂಕ

ಇದು ಲಿಖಿತ ಪರೀಕ್ಷೆಗಿಂತ ಮೊದಲೇ ಬರುತ್ತದೆ. ರೆಕಾರ್ಡ್‌ನ ಎಲ್ಲ ಪುಟಗಳಿಗೆ ಸಹಿ ಬಿದ್ದಿದೆಯೇ ಎಂದು ಒಂದು ತಿಂಗಳ ಮುಂಚೆಯೇ ನೋಡಿ. ಪ್ರತಿ ಪ್ರೋಗ್ರಾಮನ್ನೂ ರೆಕಾರ್ಡ್ ಮುಚ್ಚಿ ಎರಡು ಬಾರಿ ಬರೆದು, ಒಮ್ಮೆ ಟೈಪ್ ಮಾಡಿ. ಆಮೇಲೆ ಬೇಕೆಂದೇ ಒಂದು ಕೋಲನ್ ಅಳಿಸಿ, ಒಂದು ಇಂಡೆಂಟ್ ಕೆಡಿಸಿ ಓಡಿಸಿ ನೋಡಿ. ಯಾವ ತಪ್ಪಿಗೆ ಯಾವ ಸಂದೇಶ ಬರುತ್ತದೆ ಎಂದು ಗೊತ್ತಿದ್ದರೆ ಪರೀಕ್ಷಕರ ಎದುರು ಕೈ ನಡುಗುವುದಿಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳುವುದು ಹೆಚ್ಚಾಗಿ ನೀವೇ ಬರೆದ ಪ್ರೋಗ್ರಾಂ ಬಗ್ಗೆ: ಈ ಸಾಲು ಏಕೆ, ಇದನ್ನು ತೆಗೆದರೆ ಏನಾಗುತ್ತದೆ.

## ಹಂತ 10: ಗಡಿಯಾರ ಇಟ್ಟು ಪೂರ್ಣ ಪತ್ರಿಕೆ

ಕೊನೆಯ ಎರಡು ವಾರದಲ್ಲಿ ಕನಿಷ್ಠ ನಾಲ್ಕು ಮಾದರಿ ಪತ್ರಿಕೆ, ಪ್ರತಿಯೊಂದಕ್ಕೂ ಮೂರು ಗಂಟೆ, ಬೆಳಗಿನ ಹೊತ್ತು. ಅಂಕಕ್ಕೆ ಎರಡು ನಿಮಿಷದ ಲೆಕ್ಕ ಹಿಡಿದರೆ 70 ಅಂಕಕ್ಕೆ 140 ನಿಮಿಷ. ಉಳಿದ 40 ನಿಮಿಷ ಪ್ರಶ್ನೆ ಓದಲು ಮತ್ತು ಕೊನೆಯಲ್ಲಿ ತಿದ್ದಲು. ಐದಂಕದ ಒಂದು ಉತ್ತರ 12 ನಿಮಿಷ ದಾಟಿದರೆ ಅಲ್ಲಿಗೆ ನಿಲ್ಲಿಸಿ ಜಾಗ ಬಿಟ್ಟು ಮುಂದೆ ಹೋಗಿ.

ಅಪಾಯದ ಸೂಚನೆಗಳು ಇಲ್ಲೇ ಗೊತ್ತಾಗುತ್ತವೆ. ಉತ್ತರ ನೋಡಿದಾಗ 'ಗೊತ್ತಿತ್ತು' ಅನ್ನಿಸಿಯೂ ಬರೆಯಲು ಬರದಿದ್ದರೆ ನೀವು ಓದಿದ್ದೀರಿ, ಬರೆದಿಲ್ಲ. ಸಂಖ್ಯೆ ಬದಲಿಸಿದ ಕೂಡಲೇ ಟ್ರೇಸಿಂಗ್ (ಹಂತಹಂತವಾಗಿ ಓಡಿಸಿ ಬರೆಯುವುದು) ತಪ್ಪಿದರೆ ಪುಸ್ತಕದ ಉದಾಹರಣೆಯನ್ನೇ ಬಾಯಿಪಾಠ ಮಾಡಿದ್ದೀರಿ. ಅಂಥ ಪಾಠಕ್ಕೆ ಮರುದಿನವೇ ಹಿಂತಿರುಗಿ, ಹೊಸ ಸಂಖ್ಯೆ ಹಾಕಿ ಮೂರು ಸಲ ಮಾಡಿ.

ಪರೀಕ್ಷೆಯ ಹಾಲ್‌ನಲ್ಲಿ ಒಂದಂಕದ ಉತ್ತರಕ್ಕೆ ಆಯ್ಕೆಯ ಅಕ್ಷರ ಮತ್ತು ಪೂರ್ಣ ಉತ್ತರ ಎರಡನ್ನೂ ಬರೆಯಿರಿ. ಕೊನೆಯ 15 ನಿಮಿಷ ಈ ಕ್ರಮದಲ್ಲಿ ಕಣ್ಣಾಡಿಸಿ: ಪ್ರಶ್ನೆ ಸಂಖ್ಯೆಗಳು, ಪ್ರತಿ ಡೆಫ್, ಇಫ್, ಫಾರ್, ವೈಲ್ ಸಾಲಿನ ಕೊನೆಯ ಕೋಲನ್, ಪ್ರತಿ ಎಸ್‌ಕ್ಯೂಎಲ್ ಆಜ್ಞೆಯ ಕೊನೆಯ ಸೆಮಿಕೋಲನ್, ಚಿತ್ರಗಳ ಹೆಸರು.